ರ‍್ಯಾಲಿ ಫೋಟೋ ಪುಸ್ತಕ: ಪ್ಯಾನಿಂಗ್‌ಗೆ ಶಟರ್ ಎಷ್ಟಿರಬೇಕು? ಎರಡು ಪುಟದ ಚಿತ್ರ ಹೇಗೆ ಕೂರಿಸುವುದು?

ಮಣ್ಣುದಾರಿ:
ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಯ ಚಿತ್ರಗಳನ್ನು 12×8 ಇಂಚಿನ ಅಡ್ಡ ಪುಸ್ತಕ ಮಾಡಿಸಬೇಕೆಂದಿದೆ. ಕ್ಯಾಮೆರಾ 24 ಮೆಗಾಪಿಕ್ಸೆಲ್, ಲೆನ್ಸ್ 70-200 ಮಿ.ಮೀ. ಪ್ಯಾನಿಂಗ್ ಮಾಡುವಾಗ, ಅಂದರೆ ಓಡುವ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವಾಗ, ಶಟರ್ 1/1000 ಸೆಕೆಂಡ್ ಇಟ್ಟರೆ ಕಾರು ನಿಲ್ಲಿಸಿಟ್ಟ ಹಾಗೆ ಕಾಣುತ್ತದೆ, 1/30ರಲ್ಲಿ ಕಾರೇ ಕಲಸಿಹೋಗುತ್ತದೆ. ಯಾವ ಶಟರ್ ಸರಿ? ಒಂದೇ ಚಿತ್ರವನ್ನು ಎರಡು ಪುಟಕ್ಕೆ ಹರಡಿದರೆ ಪ್ರಿಂಟ್ ಚೆನ್ನಾಗಿ ಬರುತ್ತದೆಯೇ?

ಎಡತಿರುವು:
ಚಕ್ರ ಎಷ್ಟು ತಿರುಗುತ್ತದೆ ಎಂದು ಲೆಕ್ಕ ಹಾಕಿ. ಟೈರಿನ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು. 1/1000ರ ಹೊತ್ತಿಗೆ ಅದು ತಿರುಗುವುದು ಬರೀ 5 ಡಿಗ್ರಿ, ಹಾಗಾಗಿ ಅಲಾಯ್ ಕಡ್ಡಿಗಳನ್ನು ಎಣಿಸಬಹುದು. 1/125ರಲ್ಲಿ 40 ಡಿಗ್ರಿ, ಕಡ್ಡಿಗಳು ಮಸುಕಾಗಿ ಓಟ ಕಾಣುತ್ತದೆ. ಕಾರು 50ಕ್ಕೆ ಇಳಿಯುವ ಕಡೆ ಅಷ್ಟೇ ಮಸುಕಿಗೆ 1/60 ಬೇಕು.

ಹೇರ್‌ಪಿನ್ ತಿರುವು ಮಾತ್ರ ಬೇರೆ. ಹ್ಯಾಂಡ್‌ಬ್ರೇಕ್ ಎಳೆದಾಗ ಹಿಂದಿನ ಚಕ್ರ ಲಾಕ್ ಆಗಿರುತ್ತದೆ, ಹಿಂಭಾಗ ಅಡ್ಡ ಜಾರುತ್ತಿರುತ್ತದೆ. ಅಲ್ಲಿ ಪ್ಯಾನಿಂಗ್ ಬಿಡಿ, 1/800 ಇಟ್ಟು ಸಿಡಿಯುವ ಜಲ್ಲಿಯನ್ನು ಹಿಡಿಯಿರಿ.

ಮೂತಿ ಸ್ಪಷ್ಟವಾಗಿ ಬಾಲ ಮಸುಕಾದರೆ ಕೈ ನಡುಗಿತೆಂದೇ ಅಂದುಕೊಳ್ಳಬೇಡಿ. ಕಾರು ಓರೆಯಾಗಿ ಹತ್ತಿರ ಬರುವಾಗ ಅದರ ಒಂದೊಂದು ಭಾಗ ಒಂದೊಂದು ವೇಗದಲ್ಲಿ ಸರಿದಂತೆ ಕಾಣುತ್ತದೆ. ಕಾರು ನಿಮಗೆ ನೇರ ಅಡ್ಡವಾಗುವ ಜಾಗ ಮೊದಲೇ ಗೊತ್ತುಮಾಡಿ, ಪಾದ ಆ ಕಡೆಗಿಟ್ಟು, ಸೊಂಟದಿಂದ ಮೇಲೆ ಮಾತ್ರ ತಿರುಗಿ. ಫೋಕಸ್ ಪಾಯಿಂಟ್ ಚಾಲಕನ ಬಾಗಿಲ ಮೇಲಿರಲಿ. ಶಟರ್ ಬಿದ್ದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ತಿರುವಿನ ಹೊರಬದಿಯಲ್ಲಂತೂ ನಿಲ್ಲಲೇಬೇಡಿ, ಹಿಡಿತ ತಪ್ಪಿದ ಕಾರು ಬರುವುದು ಅಲ್ಲಿಗೇ.

ಬೆಳಕುಗಿಂಡಿ:
ಇನ್ನೊಂದು ತೊಡಕಿದೆ. ಬಿರುಬಿಸಿಲಲ್ಲಿ ಐಎಸ್‌ಒ 100, ಶಟರ್ 1/60 ಇಟ್ಟರೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ರಂಧ್ರ) ಕಿರಿದಾಗಿ ಎಫ್/20ರ ಹತ್ತಿರ ಹೋಗುತ್ತದೆ. ಅಷ್ಟು ಮುಚ್ಚಿದಾಗ ಚಿತ್ರದ ಮೊನಚು ತಗ್ಗುತ್ತದೆ, ಸೆನ್ಸರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ರ‍್ಯಾಲಿಯಲ್ಲಿ ಧೂಳಿಗೆ ಬರವೇ? 3 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಕಪ್ಪು ಗಾಜು) ಹಾಕಿದರೆ ಎಫ್/7.1 ಸಾಕು. ಲೆನ್ಸ್ ಬದಲಿಸುವುದು ಕಾರಿನೊಳಗೆ ಕೂತು.

ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ, ಕ್ಯಾಮೆರಾ ತಿರುಗಿಸುತ್ತ ವೇಗದ ಶಟರ್‌ನಲ್ಲಿ ತೆಗೆದರೆ ಹಿಂದಿನ ಸಿಲ್ವರ್ ಓಕ್ ಮರಗಳೆಲ್ಲ ವಾಲಿರುತ್ತವೆ. ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ 1910ರ ದಶಕದಲ್ಲಿ ತೆಗೆದ ಗ್ರ್ಯಾಂಡ್ ಪ್ರಿ ಕಾರ್ ರೇಸಿನ ಚಿತ್ರದಲ್ಲೂ ಇದೇ ಆಗಿದೆ: ಪರದೆ ಶಟರ್ ನಿಧಾನವಾಗಿ ಸರಿದು ಚಕ್ರ ಮುಂದಕ್ಕೆ, ಜನ ಹಿಂದಕ್ಕೆ ವಾಲಿದ್ದಾರೆ. ಅಲ್ಲಿ ಅದೇ ವೇಗವಾಗಿ ಕಾಣುತ್ತದೆ, ಅದ್ಭುತ ಚಿತ್ರ. ನಿಮ್ಮ ಪುಸ್ತಕದ ಪುಟಪುಟದಲ್ಲೂ ಹಾಗಾದರೆ ಓದುಗರಿಗೆ ದೋಷವೆನಿಸುತ್ತದೆ.

ಅಚ್ಚುಮೊಳೆ:
ಎರಡು ಪುಟ ಸೇರಿ 24 ಇಂಚು ಅಗಲ. ನಿಮ್ಮ ಫೈಲ್ 6000 ಪಿಕ್ಸೆಲ್ ಅಗಲ ಇರುವುದರಿಂದ ಇಂಚಿಗೆ 250 ಪಿಕ್ಸೆಲ್ ಸಿಗುತ್ತದೆ, ಧಾರಾಳ. ಅರ್ಧಕ್ಕೆ ಕ್ರಾಪ್ ಮಾಡಿದ ಚಿತ್ರವಾದರೆ 125 ಮಾತ್ರ. ಅದನ್ನು ಒಂದೇ ಪುಟಕ್ಕೆ ಹಾಕಿ. 24×8ಕ್ಕೆ ಮೇಲೆ ಕೆಳಗೆ ಸೇರಿ ಅರ್ಧ ಎತ್ತರ ಹೋಗುತ್ತದೆ, ಆದ್ದರಿಂದ ತೆಗೆಯುವಾಗಲೇ ಜಾಗ ಬಿಟ್ಟು ತೆಗೆಯಿರಿ.

ಅಂಟು ಹಾಕಿ ಕಟ್ಟಿದ ಪುಸ್ತಕ ಪೂರ್ತಿ ತೆರೆಯುವುದಿಲ್ಲ, ನಡುಮಡಿಕೆ ಚಿತ್ರವನ್ನು ನುಂಗುತ್ತದೆ. ಕಾರನ್ನು ನಡುವೆ ಇಟ್ಟರೆ ಹೆಲ್ಮೆಟ್ಟೇ ಮಾಯವಾಗಬಹುದು. ಕಾರು ಒಂದು ಪುಟದಲ್ಲಿರಲಿ, ಅದು ಓಡುವ ದಿಕ್ಕಿನ ಖಾಲಿ ದಾರಿ ಮತ್ತೊಂದರಲ್ಲಿ. ಕಾರು ನಡುವೆಯೇ ಬೇಕೆಂದರೆ ಪುಟಗಳು ಪೂರ್ತಿ ಚಪ್ಪಟೆಯಾಗಿ ತೆರೆಯುವ ಲೇಫ್ಲಾಟ್ ಬೈಂಡಿಂಗ್ ಮಾಡಿಸಿ. ಸುತ್ತ 3 ಮಿ.ಮೀ. ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಚಿತ್ರ) ಮರೆಯಬೇಡಿ.

ಮಣ್ಣುದಾರಿ:
ತುಂಬಾ ಉಪಯೋಗವಾಯಿತು. ಪೇಪರ್ ಮ್ಯಾಟ್ ಇರಲೋ, ಹೊಳಪಿನದೋ?

ಅಚ್ಚುಮೊಳೆ:
170 ಜಿಎಸ್‌ಎಂ ತೂಕದ ಮ್ಯಾಟ್ ಆರ್ಟ್ ಪೇಪರ್, ಅಂದರೆ ಕೋಟಿಂಗ್ ಇದ್ದೂ ಹೊಳೆಯದ ಕಾಗದ. ಕೋಟಿಂಗ್ ಇಲ್ಲದ ಕಾಗದ ಶಾಯಿ ಹೀರುತ್ತದೆ, ಮರದ ನೆರಳು ಕಟ್ಟಿಕೊಂಡು ಬರೀ ಕಪ್ಪಾಗುತ್ತದೆ. ಕಾರಿನ ಕಡುಗೆಂಪು ನಾಲ್ಕು ಬಣ್ಣದ ಶಾಯಿಯಲ್ಲಿ ಸ್ಕ್ರೀನ್‌ನಷ್ಟು ಉಜ್ವಲವಾಗಿ ಬರುವುದಿಲ್ಲ, ಪ್ರೆಸ್ಸಿನವರ ಪ್ರೊಫೈಲ್ (ಅವರಲ್ಲಿ ಬಣ್ಣ ಹೇಗೆ ಅಚ್ಚಾಗುತ್ತದೆಂದು ಸ್ಕ್ರೀನ್ ಮೇಲೆ ತೋರಿಸಲು ಬೇಕಾದ ಫೈಲ್) ಕೇಳಿ ಪಡೆದು ಮೊದಲೇ ನೋಡಿಕೊಳ್ಳಿ. ಕೆಂಪು ಕಾರು, ಹಾರುವ ಧೂಳು, ಮರದ ನೆರಳು ಮೂರೂ ಇರುವ ಒಂದು ಹಾಳೆಯನ್ನು ಅದೇ ಪೇಪರಿನಲ್ಲಿ ಪ್ರೂಫ್ ತೆಗೆಸಿ. ಟ್ಯೂಬ್‌ಲೈಟಿನಲ್ಲಲ್ಲ, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಿ.