ಫ್ಲೋರ್ಯಾ ಬೆಳೆದನೇ, ಮುದುಕನಾದನೇ? 'ಕಮ್ ಆಂಡ್ ಸೀ' ಚಿತ್ರದ ಸದ್ದು ಮತ್ತು ಸಂಕೇತಗಳ ಕುರಿತು ಒಂದು ಚರ್ಚೆ

ವಸುಧಾ:
ಎಲೆಮ್ ಕ್ಲಿಮೋವ್ ನಿರ್ದೇಶನದ 1985ರ ಸೋವಿಯತ್ ಚಿತ್ರ 'ಕಮ್ ಆಂಡ್ ಸೀ'ಯನ್ನು ಹುಡುಗನೊಬ್ಬ ಪ್ರೌಢನಾಗುವ ಕಥೆಯೆಂದು ಹಲವರು ವರ್ಣಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. 1943ರಲ್ಲಿ, ನಾಜಿಗಳ ವಶದಲ್ಲಿದ್ದ ಬೆಲಾರುಸ್‌ನಲ್ಲಿ, ಫ್ಲೋರ್ಯಾ ಎಂಬ ಹುಡುಗ ಮರಳಿನಲ್ಲಿ ಹೂತುಹೋಗಿದ್ದ ಬಂದೂಕನ್ನು ಅಗೆದು ತೆಗೆದು, ತಾಯಿ ಗೋಳಾಡಿ ತಡೆದರೂ ಕೇಳದೆ, ಕಾಡಿನಲ್ಲಿ ಅಡಗಿ ನಾಜಿಗಳ ವಿರುದ್ಧ ಹೋರಾಡುವ ಗೆರಿಲ್ಲಾಗಳನ್ನು, ಅಂದರೆ ಪಾರ್ಟಿಸಾನರನ್ನು ಸೇರುತ್ತಾನೆ. ಚಿತ್ರ ಮುಗಿಯುವ ಹೊತ್ತಿಗೆ ಅವನ ಹಣೆಯ ಮೇಲೆ ಮುದುಕನ ಸುಕ್ಕುಗಳಿರುತ್ತವೆ. ಬೆಳೆದವನು ಏನನ್ನಾದರೂ ಗಳಿಸಿರಬೇಕಲ್ಲವೇ? ಇವನು ತಾಯಿಯನ್ನು, ಅವಳಿ ತಂಗಿಯರನ್ನು, ಊರನ್ನು ಕಳೆದುಕೊಂಡು ಜೀವ ಮಾತ್ರ ಉಳಿಸಿಕೊಂಡಿದ್ದಾನೆ.

ಇಮ್ತಿಯಾಜ್:
ನಾನು ಧ್ವನಿಮುದ್ರಣದ ಕೆಲಸ ಮಾಡುವವನು; ಆದ್ದರಿಂದ ಕಿವಿಯ ಕಡೆಯಿಂದಲೇ ಉತ್ತರಿಸುತ್ತೇನೆ. ಪಾರ್ಟಿಸಾನ್ ಶಿಬಿರದ ಮೇಲೆ ಬಾಂಬು ಬಿದ್ದ ಮೇಲೆ ಫ್ಲೋರ್ಯಾನ ಕಿವಿ ಗುಂಯ್ ಎನ್ನತೊಡಗುತ್ತದೆ, ಮತ್ತು ಆ ಗುಂಯ್‌ಕಾರವನ್ನು ಕ್ಲಿಮೋವ್ ನಮ್ಮ ಕಿವಿಗೂ ಹಾಕುತ್ತಾರೆ: ಶಿಬಿರದಲ್ಲಿ ಪರಿಚಯವಾಗಿ ಈಗ ಪಕ್ಕದಲ್ಲೇ ಇರುವ ಗ್ಲಾಶಾ ಎಂಬ ಹುಡುಗಿಯ ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತದೆ. ನಮ್ಮೂರ ಹತ್ತಿರದ ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿದಾಗ, ಚಿಕ್ಕವನಾಗಿದ್ದ ನಾನು ತೀರಾ ಸಮೀಪದಲ್ಲಿದ್ದೆ. ಸ್ವಲ್ಪ ಹೊತ್ತು ಅಮ್ಮನ ತುಟಿ ಅಲುಗುವುದು ಕಾಣುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಎಲ್ಲರೂ ದೂರ ಸರಿದುಬಿಟ್ಟರೆಂಬ ಆ ದಿಗಿಲನ್ನು ಬೇರೆ ಯಾವ ಚಿತ್ರವೂ ನನಗೆ ಮರಳಿ ತಂದುಕೊಟ್ಟಿಲ್ಲ. ನನ್ನ ಮಟ್ಟಿಗೆ ಫ್ಲೋರ್ಯಾನ ಬಾಲ್ಯ ಮುಗಿಯುವುದು ಬಂದೂಕು ಸಿಕ್ಕ ದಿನವಲ್ಲ, ಕಿವಿ ಮುಚ್ಚಿಹೋದ ಆ ಗಳಿಗೆಯಲ್ಲಿ.

ನಾಗರಾಜ:
ಇಮ್ತಿಯಾಜ್ ಅವರ ಮಾತು ಸರಿ, ಆದರೆ ಸದ್ದು ಅದಕ್ಕೂ ಮೊದಲೇ ಆರಂಭವಾಗುತ್ತದೆ. ಹುಡುಗರು ಮರಳು ಅಗೆಯುವ ಮೊದಲ ದೃಶ್ಯದಲ್ಲೇ ಜರ್ಮನ್ನರ ಬೇಹು ವಿಮಾನ ಮೇಲೆ ಗುನುಗುತ್ತ ಸಾಗುತ್ತದೆ. ಮುಂದೆಯೂ ಅದು ಮತ್ತೆ ಮತ್ತೆ ಮರಳುತ್ತದೆ. ಮೇಲಿನಿಂದ ಯಾರೋ ಸದಾ ನೋಡುತ್ತಿದ್ದಾರೆ, ಆದರೆ ಕಾಯುವವರಾರೂ ಇಲ್ಲ ಎಂಬ ಅರ್ಥ ನನಗೆ ಅದರಲ್ಲಿ ಕಾಣುತ್ತದೆ. ಕಾಡಿನಲ್ಲಿ ಮಳೆಗೆ ನೆಂದು ಕುಣಿಯುವ ಗ್ಲಾಶಾ ಮತ್ತು ಅಲ್ಲಿ ಕಾಣಿಸಿಕೊಳ್ಳುವ ಕೊಕ್ಕರೆ, ಇವೆರಡೇ ಆ ಲೋಕದ ಕೊನೆಯ ಹಸಿರು. ಚಿತ್ರದ ಹೆಸರು ಬೈಬಲಿನ ಪ್ರಕಟನೆ ಗ್ರಂಥದ ಆರನೆಯ ಅಧ್ಯಾಯದಿಂದ ಬಂದದ್ದು: 'ಬಾ, ನೋಡು' ಎಂಬ ಕರೆ. ಹಾಗಾಗಿ ಇಲ್ಲಿ ಪ್ರೌಢನಾಗುವುದೆಂದರೆ ಗಳಿಸುವುದಲ್ಲ ವಸುಧಾ ಅವರೇ, ಸಾಕ್ಷಿಯಾಗುವುದು.

ಶಶಿಕಲಾ:
ಹಾಗಾದರೆ ಮೊದಲು ಸಾಕ್ಷಿಯಾಗುವವಳು ಗ್ಲಾಶಾ. ಅವಳನ್ನು ನೀವಿಬ್ಬರೂ ಫ್ಲೋರ್ಯಾನ ನೆರಳೆಂಬಂತೆ ದಾಟಿಹೋದಿರಿ. ಇಬ್ಬರೂ ಅವನ ಮನೆಗೆ ಬರುವ ದೃಶ್ಯವನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ಯಾರೂ ಇಲ್ಲ. ಒಲೆಯೊಳಗಿನ ಸಾರು ಇನ್ನೂ ಬಿಸಿಯಾಗಿದೆ, ಅದನ್ನು ಅವನು ಬಡಿಸಿಕೊಂಡು ಉಣ್ಣುತ್ತಾನೆ. ನೆಲದ ಮೇಲೆ ತಂಗಿಯರ ಗೊಂಬೆಗಳು. ಕಿವಿ ತುಂಬ ನೊಣಗಳ ಗುಂಯ್‌ಗುಡುವಿಕೆ. ಕಥೆ ಹೇಳುತ್ತಿರುವುದು ಆ ನೊಣಗಳೇ. ಮನೆಯವರು ದ್ವೀಪಕ್ಕೆ ಹೋಗಿರಬೇಕೆಂದು ಅವನು ಓಡತೊಡಗುತ್ತಾನೆ; ಹಿಂದೆ ಓಡುತ್ತಿರುವ ಗ್ಲಾಶಾ ಒಮ್ಮೆ ತಿರುಗಿ, ಗೋಡೆಯ ಬದಿಯಲ್ಲಿ ರಾಶಿಬಿದ್ದ ಹೆಣಗಳನ್ನು ಕಾಣುತ್ತಾಳೆ. ಅವನು ತಿರುಗುವುದಿಲ್ಲ. ಕಂಡದ್ದನ್ನು ಎದೆಯಲ್ಲಿಟ್ಟುಕೊಂಡು ಅವಳು ಅವನೊಂದಿಗೆ ಕುತ್ತಿಗೆವರೆಗಿನ ಜವುಗನ್ನು ದಾಟುತ್ತಾಳೆ. ಆ ಜವುಗಿನಲ್ಲಿ ದೊಡ್ಡವಳಾಗಿರುವವಳು ಅವಳೇ ಎಂದು ನನ್ನ ಭಾವನೆ.

ವಸುಧಾ:
ಶಶಿಕಲಾ ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಕೊನೆಯ ಭಾಗದ ಬಗ್ಗೆ. ಪೆರೆಖೋದಿ ಹಳ್ಳಿಯ ಜನರನ್ನು ಕೂಡಿಹಾಕಿ ಸುಟ್ಟ ದೃಶ್ಯವನ್ನು ಕಂಡ ನಂತರ, ಪಾರ್ಟಿಸಾನರು ಕಾಡಿನೊಳಗೆ ನಡೆಯುವಾಗ ಸತ್ತವರಿಗಾಗಿ ಮೊಜಾರ್ಟ್ ರಚಿಸಿದ ಪ್ರಾರ್ಥನಾ ಸಂಗೀತ 'ರೆಕ್ವಿಯಂ' ಕೇಳಿಬರುತ್ತದೆ. ಅಷ್ಟು ಹೊತ್ತು ನೊಣ, ವಿಮಾನ, ಕಿವಿಯ ಗುಂಯ್‌ಕಾರಗಳಲ್ಲಿ ಸತ್ಯ ಹೇಳಿದ ಚಿತ್ರ ಅಲ್ಲಿ ಅಳುವಿಗೆ ಅನುಮತಿ ಕೊಟ್ಟುಬಿಟ್ಟಿತು ಎನಿಸುತ್ತದೆ.

ಇಮ್ತಿಯಾಜ್:
ಆ ಅನುಮತಿ ಬೇಕಿತ್ತು ಎಂದೇ ನಾನು ವಾದಿಸುತ್ತೇನೆ. ಚಿತ್ರಕಥೆಯನ್ನು ಕ್ಲಿಮೋವ್ ಜೊತೆ ಬರೆದ ಅಲೆಸ್ ಆದಮೋವಿಚ್ ಸ್ವತಃ ಹದಿಹರೆಯದಲ್ಲಿ ಬೆಲಾರುಸ್‌ನ ಪಾರ್ಟಿಸಾನ್ ಆಗಿದ್ದವರು. ಹೀಗೆ ಜನರೊಂದಿಗೆ ಸುಟ್ಟುಹೋದ ಹಳ್ಳಿಗಳು 628 ಎಂದು ಚಿತ್ರವೇ ತೆರೆಯ ಮೇಲೆ ಬರೆಯುತ್ತದೆ. ಅವುಗಳಲ್ಲೊಂದಾದ ಖಾತಿನ್‌ನಲ್ಲಿ 1943ರ ಮಾರ್ಚ್ 22ರಂದು 149 ಜನರನ್ನು ಕೊಲ್ಲಲಾಯಿತು; ಇಂದು ಅಲ್ಲಿನ ಸ್ಮಾರಕದಲ್ಲಿ ಸುಟ್ಟ ಮನೆಗಳ ಹೊಗೆಗೂಡುಗಳಂತೆ ನಿಂತಿರುವ ಕಂಬಗಳಿಂದ 30 ಸೆಕೆಂಡಿಗೊಮ್ಮೆ ಗಂಟೆ ಬಾರಿಸುತ್ತದೆ. ಸತ್ತವರ ಲೆಕ್ಕದ ಪಕ್ಕದಲ್ಲಿ ಒಂದು ನಾದವನ್ನು ಇಡುವುದು ಸತ್ಯವನ್ನು ಸಡಿಲಿಸುವುದಲ್ಲ.

ನಾಗರಾಜ:
ಸಂಗೀತಕ್ಕೂ ಮೊದಲಿನ ಕ್ಷಣವನ್ನು ನಾವು ಬಿಟ್ಟಿದ್ದೇವೆ. ಮರಳಿನಿಂದ ತೆಗೆದ ಬಂದೂಕಿನಿಂದ ಫ್ಲೋರ್ಯಾ ಮೊದಲ ಬಾರಿಗೆ ಗುಂಡು ಹಾರಿಸುವುದು ಕೆಸರಿನಲ್ಲಿ ಬಿದ್ದ ಹಿಟ್ಲರನ ಚಿತ್ರದ ಮೇಲೆ. ಪ್ರತಿ ಗುಂಡಿಗೂ ಹಳೆಯ ಸಮಾಚಾರ ಚಿತ್ರಗಳು ಹಿಂದುಮುಂದಾಗಿ ಓಡುತ್ತವೆ, ಕಟ್ಟಡಗಳು ಮತ್ತೆ ಎದ್ದು ನಿಲ್ಲುತ್ತವೆ, ಕಾಲ ಹಿಂದಕ್ಕೆ ಸರಿಯುತ್ತದೆ. ಕೊನೆಗೆ ತಾಯಿಯ ಮಡಿಲಲ್ಲಿರುವ ಕೂಸಿನ ಫೋಟೊ ಬರುತ್ತದೆ; ಆ ಕೂಸು ಹಿಟ್ಲರನೇ. ಆಗ ಅವನು ನಿಲ್ಲಿಸುತ್ತಾನೆ. ಏನನ್ನೂ ಗಳಿಸಲಿಲ್ಲ ಎಂದಿರಿ ವಸುಧಾ ಅವರೇ. ಆ ಕಡೆಯ ಗುಂಡನ್ನು ಅವನು ಹಾರಿಸಲಿಲ್ಲವಲ್ಲ, ಅದಕ್ಕೆ ಏನೆನ್ನುತ್ತೀರಿ?

ವಸುಧಾ:
ಅದನ್ನು ನಾನು ದಣಿವು ಎಂದು ಓದಿದ್ದೆ. ಆದರೆ ಆ ಮುಖ ನಡುಗುವ ಬಗೆ ನೆನಪಾದಾಗ, ಅದು ದಣಿದವನ ಮುಖವಾಗಿರಲಿಲ್ಲ. ತಾಯಿಯ ಮಡಿಲನ್ನು ಕಂಡವನ ಮುಖವಾಗಿತ್ತು, ಅದೂ ತನ್ನ ತಾಯಿಯನ್ನು ಕಳೆದುಕೊಂಡವನು ಕಂಡದ್ದು. ಆ ಭಾಗವನ್ನು ಈ ರಾತ್ರಿಯೇ ಮತ್ತೆ ನೋಡುತ್ತೇನೆ; ಮೊಜಾರ್ಟನ ಬಗೆಗಿನ ನನ್ನ ತಕರಾರು ಮಾತ್ರ ಹಾಗೆಯೇ ಇರಲಿ.