ಕೋರ್ಟು, ಕಕ್ಷಿದಾರರು, ಫೈಲು: ಟೈಮ್ ಹೆಂಗ ಹೊಂದಿಸ್ತೀರಿ?

ಪ್ರಶ್ನೆ (ಕೊಪ್ಪಳ): ಸೀನಿಯರ್ ವಕೀಲರ ಆಫೀಸ್ ಬಿಟ್ಟು ಸ್ವಂತ ಪ್ರಾಕ್ಟೀಸ್ ಶುರು ಮಾಡೀನಿ, ಹಗಲೆಲ್ಲಾ ಕೇಸ್ ಕೂಗೋತನ ಕಾಯೋದ ಆಗ್ತದ, ಸಂಜಿಗೆ ಕಕ್ಷಿದಾರರು ಬರ್ತಾರ, ಡ್ರಾಫ್ಟಿಂಗ್‌ಗೆ ಕುಂದ್ರೋದು ರಾತ್ರಿ, ಫೀಸಿನ ಲೆಕ್ಕ, ನಕಲು ಅರ್ಜಿ ಎಲ್ಲಾ ಒಬ್ಬನ ನೋಡ್ಬೇಕು. ನಿದ್ದಿ ಬರವಲ್ದು. ಹಿರಿಯರು ಹೆಂಗ ನಿಭಾಯಿಸ್ತೀರಿ?

ಉತ್ತರ (ರಾಯಚೂರು): ತಮ್ಮಾ, ಮೊದ್ಲ ಡೈರಿ. ಕೋರ್ಟ್ ಹಾಲ್ ಬಿಡೋದ್ರಾಗ ಮುಂದಿನ ತಾರೀಖು ಬರಕೋ, ಇ-ಕೋರ್ಟ್ಸ್ ಆ್ಯಪ್‌ನಾಗ ಸಿಎನ್‌ಆರ್ ನಂಬರ್ (ಒಂದೊಂದು ಕೇಸಿಗೂ ಇರೋ ಗುರುತಿನ ನಂಬರ್) ಹಾಕಿ ಕೇಸ್ ಸೇವ್ ಮಾಡು. ಆದ್ರ ಲಿಮಿಟೇಶನ್ (ಕಾನೂನಿನ ಗಡುವು) ಲೆಕ್ಕ ಆ್ಯಪಿಗೆ ಬಿಡಬ್ಯಾಡ. ಸಾದಾ ಸಿವಿಲ್ ದಾವೆದಾಗ ರಿಟನ್ ಸ್ಟೇಟ್‌ಮೆಂಟಿಗೆ (ಪ್ರತಿವಾದಿ ಕೊಡೋ ಲಿಖಿತ ಉತ್ತರ) ಸಮನ್ಸ್ ಮುಟ್ಟಿದ ಮ್ಯಾಲ 30 ದಿನ, ಕೋರ್ಟ್ ಟೈಮ್ ಕೊಟ್ರ 90ರ ತನ, ಡಿಕ್ರಿ ಮ್ಯಾಲ ಅಪೀಲು ಜಿಲ್ಲಾ ಕೋರ್ಟಿಗೆ 30, ಹೈಕೋರ್ಟಿಗೆ 90. ಕಡೀ ದಿನ ಫೈಲಿನ ಮ್ಯಾಲ ಕೆಂಪು ಪೆನ್ನಿಲೆ ಬರದಿಡು. ಸರ್ಟಿಫೈಡ್ ಕಾಪಿಗೆ (ತೀರ್ಪಿನ ದೃಢೀಕೃತ ನಕಲು) ಹಿಡಿದ ದಿನ ಅಪೀಲಿನ ಗಡುವಿನ ಲೆಕ್ಕದಾಗ ಕಳೀತಾರ ಖರೆ, ಆದ್ರೂ ಅರ್ಜಿ ತೀರ್ಪು ಬಂದ ಕೂಡ್ಲೇ ಹಾಕಿಬಿಡು.

ಉತ್ತರ (ಬಳ್ಳಾರಿ): ಸರ್ ಹೇಳಿದ್ದು ಸರಿ ಐತಿ. ನನ್ನ ಪ್ರಕಾರ ಕಕ್ಷಿದಾರರಿಗೆ ಟೈಮ್ ಕೊಟ್ಟು ಕರೀರಿ, ಫೀಸು ವಕಾಲತ್ತಿಗೆ ಸಹಿ ಮಾಡಿಸೋವಾಗ್ಲೇ ಮಾತಾಡಿ ಚೀಟಿ ಬರೀರಿ, ಹೈಕೋರ್ಟಿನ ಧಾರವಾಡ ಬೆಂಚಿಗೆ ಹೋಗೋ ದಿನ ಬೇರೆ ಏನೂ ಇಟ್ಕೋಬ್ಯಾಡ್ರಿ. ನಿದ್ದಿ ವಿಷ್ಯ ಹಗರ ತಗೋಬ್ಯಾಡ್ರಿ ಬ್ರದರ್, ಡಾಕ್ಟರಿಗೆ ತೋರಿಸ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕ ಫೋನ್ ಮಾಡಿದ್ರ ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಪ್ರಶ್ನೆ ಕೇಳಿದವರು: ಭಾಳ ಉಪಕಾರ ಆತ್ರಿ ಸರ್, ಮೇಡಂ. ಇಬ್ಬರು ಮೂವರು ವಕೀಲರು ಕೂಡಿ ಒಬ್ಬ ಗುಮಾಸ್ತನ್ನ ಇಟ್ಕೊಂಡ್ರ ನಡೀತದೇನ್ರಿ?

ಉತ್ತರ (ರಾಯಚೂರು): ನಡೀತದ. ಪಗಾರ ಹಂಚ್ಕೋರಿ, ಡೈರಿ ಮಾತ್ರ ನಿನ್ನ ಕೈಯಾಗ ಇರ್ಲಿ.