ಸೂರ್ಯಕಿರಣ್ ಹಾಕ್ 1/72: ಟೇಪ್ ಜೊತೆ ಬಿಳಿ ಬಣ್ಣವೂ ಎದ್ದು ಬರ್ತಿದೆ, ಕೆಂಪಿನಲ್ಲಿ ಗುಳಿ ಬೀಳ್ತಿದೆ

ಪಡುಬಿದ್ರಿ_ಹವ್ಯಾಸಿ

ಎಲ್ಲರಿಗೂ ನಮಸ್ಕಾರ. 1/72 ಅಳತೆಯ (ನಿಜದ 72ರಲ್ಲಿ ಒಂದು ಪಾಲು) ಹಾಕ್ ಮಾರ್ಕ್ 132 ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್ ಕಟ್ಟುತ್ತಿದ್ದೇನೆ, ವಾಯುಪಡೆಯ ಪ್ರದರ್ಶನ ತಂಡವಾದ ಸೂರ್ಯಕಿರಣ್‌ನ ಕೆಂಪು-ಬಿಳಿ ಬಣ್ಣದಲ್ಲಿ. ಬಾಡಿ, ರೆಕ್ಕೆ, ಬಾಲ ಎಲ್ಲ ಸೇರಿಸಿ ಆಗಿದೆ. ರೆಕ್ಕೆ ಬಾಡಿಗೆ ಕೂಡುವ ಕಡೆ ಪುಟ್ಟಿ ಹಾಕಿ ಉಜ್ಜಿಯೂ ಆಗಿದೆ. ತೊಂದರೆ ಇರುವುದು ಬಣ್ಣದಲ್ಲಿ.

ಮೊದಲು ನೀರಿನ ಅಕ್ರಿಲಿಕ್ ಪ್ರೈಮರ್ (ಬಣ್ಣದ ಅಡಿಗೆ ಹಾಕುವ ಪದರ), ಬೂದು ಬಣ್ಣದ್ದು. ಮರುದಿನ ಟಮಿಯಾ ಎಕ್ಸ್-2 ಬಿಳಿ. ಅದರ ಮರುದಿನ ಮಾಸ್ಕಿಂಗ್ ಟೇಪ್ ಅಂಟಿಸಿ ಎಕ್ಸ್-7 ಕೆಂಪು. ಏರ್‌ಬ್ರಶ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) 0.3 ನೀಡಲ್, ಒತ್ತಡ 20 ಪಿಎಸ್‌ಐ. ಕಂಪ್ರೆಸರ್ ಟ್ಯಾಂಕ್ ಇಲ್ಲದ ಚಿಕ್ಕದು, ಗಾಳಿಯ ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ಕಂಪ್ರೆಸರಿನ ಬಾಯಿಗೇ ಕೂರಿಸಿದೆ.

ಟೇಪ್ ಎತ್ತಿದಾಗ ಎಡರೆಕ್ಕೆಯ ಮುಂದಿನ ಅಂಚಿನಲ್ಲಿ ಉಗುರಿನಷ್ಟಗಲ ಬಣ್ಣ ಹಾಲಿನ ಕೆನೆಯ ಹಾಗೆ ಟೇಪಿನ ಜೊತೆಗೇ ಬಂತು. ಇನ್ನೊಂದು, ಕೆಂಪು ಹೊಡೆಯುವಾಗ ಮೊದಲಿಗೆ ಚೆನ್ನಾಗಿಯೇ ಬರುತ್ತದೆ. ಕಾಲು ಗಂಟೆ ಕಳೆಯುವಷ್ಟರಲ್ಲಿ ಏರ್‌ಬ್ರಶ್ ಫಟ್ ಎಂದು ಉಗುಳುತ್ತದೆ. ಉಗುಳಿದ ಜಾಗದಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ದುಂಡಗಿನ ಗುಳಿ, ಗುಳಿಯ ತಳದಲ್ಲಿ ಬಿಳಿ.

ಇಲ್ಲಿ ಆಟಿಯ ಮಳೆ ಬಿಡದೆ ಹೊಡೆಯುತ್ತಿದೆ. ಬಣ್ಣ ಪೂರ್ತಿ ಕಿತ್ತು ಮೊದಲಿನಿಂದ ಮಾಡಬೇಕಾ, ಅಥವಾ ಅಷ್ಟು ಜಾಗ ಮಾತ್ರ ಸರಿ ಮಾಡಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಯಲಹಂಕ_ರನ್‌ವೇ

ಈಗಲೇ ಏನೂ ಕೀಳಬೇಡಿ ಸರ್. ಎದ್ದು ಬಂದ ಆ ಟೇಪ್ ತುಂಡು ಇನ್ನೂ ಇದೆಯಾ? ಅಂಟಿನ ಬದಿ ಮೇಲೆ ಮಾಡಿ ನೋಡಿ. ಅಲ್ಲಿ ಬಿಳಿ ಕಾಣುತ್ತದಾ, ಬೂದು ಕಾಣುತ್ತದಾ? ಹಾಗೆಯೇ ರೆಕ್ಕೆಯಲ್ಲಿ ಖಾಲಿಯಾದ ಜಾಗವನ್ನು ದೀಪಕ್ಕೆ ಓರೆ ಹಿಡಿದು ನೋಡಿ: ಪ್ಲಾಸ್ಟಿಕ್ ಹೊಳೆಯುತ್ತಿದೆಯಾ, ಮಂಕಾಗಿದೆಯಾ?

ಪಡುಬಿದ್ರಿ_ಹವ್ಯಾಸಿ

ಟೇಪಿನ ಮೇಲೆ ಬೂದು ಕಾಣುತ್ತದೆ. ರೆಕ್ಕೆಯಲ್ಲಿ ಪ್ಲಾಸ್ಟಿಕ್ ಹೊಸದರ ಹಾಗೆ ಹೊಳೆಯುತ್ತಿದೆ. ಪ್ಯಾನೆಲ್ ಗೆರೆಯೊಳಗೂ ಬಣ್ಣದ ಚೂರು ಉಳಿದಿಲ್ಲ.

ಯಲಹಂಕ_ರನ್‌ವೇ

ಹಾಗಾದರೆ ಬಿಳಿಯ ತಪ್ಪೇನೂ ಇಲ್ಲ. ಬಿಳಿ ಬಣ್ಣ ಪ್ರೈಮರನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ, ಪ್ಲಾಸ್ಟಿಕ್ ಬಿಟ್ಟದ್ದು ಪ್ರೈಮರ್. ಬಿಳಿ ಮಾತ್ರ ಎದ್ದು ಬೂದು ರೆಕ್ಕೆಯಲ್ಲೇ ಉಳಿದಿದ್ದರೆ ಕಥೆ ಬೇರೆ ಇರುತ್ತಿತ್ತು.

ನೀರಿನ ಪ್ರೈಮರ್ ಪ್ಲಾಸ್ಟಿಕ್ಕನ್ನು ಕಚ್ಚುವುದಿಲ್ಲ, ಅದರ ಮೇಲೆ ಒಂದು ಪೊರೆಯಾಗಿ ಕೂರುತ್ತದೆ, ಅಷ್ಟೆ. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆಯ ಅಂಶವೋ ಕೈಯ ಜಿಡ್ಡೋ ಇದ್ದರೆ ಹಿಡಿತ ಇನ್ನೂ ಸಡಿಲ. ನಿಮ್ಮಲ್ಲಿ ಬಿಟ್ಟುಬಂದದ್ದು ಮುಂದಿನ ಅಂಚು. ವಿಮಾನವನ್ನು ನಾವು ಹಿಡಿದು ತಿರುಗಿಸುವುದೇ ಅಲ್ಲಿ. ಲ್ಯಾಕರ್ ಪ್ರೈಮರಿನ ಥಿನ್ನರ್ ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಕೂದಲೆಳೆಯಷ್ಟು ಮೆತ್ತಗೆ ಮಾಡಿ ಬೆಸೆದುಕೊಳ್ಳುತ್ತದೆ. ಅದಕ್ಕೇ ಟೇಪ್ ಕೆಲಸ ಜಾಸ್ತಿ ಇರುವ ಕೆಂಪು-ಬಿಳಿ ವಿಮಾನಗಳಿಗೆ ಲ್ಯಾಕರ್ ಪ್ರೈಮರ್ ಬಿಟ್ಟು ಬೇರೆಯದನ್ನು ನಾನು ಯಾರಿಗೂ ಹೇಳುವುದಿಲ್ಲ.

ಇದಕ್ಕೆ ನಿಮ್ಮ ಹವೆಯೂ ಸೇರಿಕೊಂಡಿದೆ. ಒಣಹವೆಯಲ್ಲೇ ಈ ಬಣ್ಣಗಳು ಗಟ್ಟಿಯಾಗಲು ಒಂದು ಪೂರ್ತಿ ದಿನ ಕೇಳುತ್ತವೆ. ಕರಾವಳಿಯ ಮಳೆಗಾಲದಲ್ಲಿ ಮುಟ್ಟಿದರೆ ಒಣಗಿದ ಹಾಗೆ ಅನಿಸಿದರೂ ಒಳಗೆ ಹಸಿ ಇರುತ್ತದೆ. ಗಡಿಯಾರ ನೋಡುವುದಕ್ಕಿಂತ ಮೂಸಿ ನೋಡುವುದು ನಂಬಿಕೆಯ ಪರೀಕ್ಷೆ. ಒಂದು ದಿನ ಬಿಟ್ಟ ಮಾಡೆಲನ್ನು ಮೂಗಿನ ಹತ್ತಿರ ಹಿಡಿಯಿರಿ. ಥಿನ್ನರ್ ವಾಸನೆ ಒಂಚೂರು ಬಂದರೂ ಟೇಪ್ ಅಂಟಿಸಬೇಡಿ.

ಇನ್ನು ಉಗುಳುವ ವಿಷಯ. ಅದು ಬಣ್ಣದ ಗುಳಿ ಅಲ್ಲ, ನೀರಿನ ಹನಿಯ ಗುರುತು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಅದರಲ್ಲಿದ್ದ ತೇವ ಆವಿಯಾಗಿಯೇ ಉಳಿಯುತ್ತದೆ. ನಿಮ್ಮ ಟ್ರ್ಯಾಪ್ ಇರುವುದು ಗಾಳಿ ಇನ್ನೂ ಬಿಸಿ ಇರುವ ಜಾಗದಲ್ಲಿ, ಆವಿ ಅದನ್ನು ಸಲೀಸಾಗಿ ದಾಟಿ ಹೋಗುತ್ತದೆ. ಮುಂದೆ ಪೈಪಿನಲ್ಲಿ ತಣ್ಣಗಾದಾಗ ನೀರಾಗುತ್ತದೆ. ಕಾಲು ಗಂಟೆಯಲ್ಲಿ ಒಂದು ಹನಿಯಷ್ಟು ಸೇರಿಕೊಂಡು ನೀಡಲ್ ದಾರಿಯಲ್ಲಿ ಹೊರಗೆ ಬರುತ್ತದೆ. ಮೊದಲಿಗೆ ಚೆನ್ನಾಗಿ ಬಂದು ಆಮೇಲೆ ಕೆಡುವುದಕ್ಕೆ ಇದೇ ಕಾರಣ.

ಪೈಪ್ ಮಧ್ಯೆ ಕೂರಿಸುವ ಚಿಕ್ಕ ಟ್ರ್ಯಾಪ್ ಸಿಗುತ್ತದೆ, ಅದನ್ನು ಏರ್‌ಬ್ರಶ್ ಹತ್ತಿರ ಹಾಕಿ. ಕಂಪ್ರೆಸರಿನಿಂದ ಅಲ್ಲಿಯವರೆಗೆ ಎರಡು ಮೂರು ಮೀಟರ್ ಪೈಪ್ ಇರಲಿ, ಗಾಳಿ ತಣ್ಣಗಾಗಲು ಅಷ್ಟು ದೂರ ಬೇಕು. ಹತ್ತು ನಿಮಿಷಕ್ಕೊಮ್ಮೆ ಮಾಡೆಲಿನಿಂದ ಆಚೆ ತಿರುಗಿಸಿ ಬರೀ ಗಾಳಿ ಬಿಡಿ. ಅಂಗೈಗೆ ಒಂದು ಹನಿ ತಾಗಿದರೂ ಕೆಲಸ ನಿಲ್ಲಿಸಿ ಟ್ರ್ಯಾಪ್ ಖಾಲಿ ಮಾಡಿ. ಮುಂದೆ ಟ್ಯಾಂಕ್ ಇರುವ ಕಂಪ್ರೆಸರ್ ತಗೊಂಡರೆ ಅರ್ಧ ನೀರು ಟ್ಯಾಂಕಿನ ತಳದಲ್ಲೇ ಉಳಿಯುತ್ತದೆ, ದಿನದ ಕೊನೆಗೆ ಕೆಳಗಿನ ತಿರುಪು ಬಿಚ್ಚಿ ಸುರಿದರಾಯಿತು.

ಪಡುಬಿದ್ರಿ_ಹವ್ಯಾಸಿ

ಟ್ರ್ಯಾಪ್ ಬಗ್ಗೆ ಇಷ್ಟು ಬಿಡಿಸಿ ಎಲ್ಲೂ ಓದಿರಲಿಲ್ಲ ಮಾರಾಯ್ರೆ, ತುಂಬಾ ಉಪಕಾರ. ಈಗ ಬಾಕಿ ಬಣ್ಣ ಉಳಿಸಿಕೊಳ್ಳಬಹುದಾ?

ಯಲಹಂಕ_ರನ್‌ವೇ

ಅದನ್ನು ಟೇಪೇ ಹೇಳಲಿ. ರೆಕ್ಕೆಯ ಅಡಿಯಲ್ಲಿ, ಬಾಲದ ಹತ್ತಿರ, ಮೂಗಿನ ಕೆಳಗೆ ಹೀಗೆ ಮೂರ್ನಾಲ್ಕು ಕಡೆ ಚಿಕ್ಕ ತುಂಡು ಒತ್ತಿ ಅಂಟಿಸಿ ಎತ್ತಿ ನೋಡಿ. ಎಲ್ಲೂ ಏಳದಿದ್ದರೆ ಕೆಟ್ಟ ಜಾಗವನ್ನಷ್ಟೇ 2000 ನಂಬರ್ ಉಪ್ಪುಕಾಗದದಲ್ಲಿ ನೀರು ಹಾಕಿ ಉಜ್ಜಿ. ಬೆರಳು ಆಡಿಸಿದರೆ ಮೆಟ್ಟಿಲು ತಾಗಬಾರದು, ಅಲ್ಲಿಯವರೆಗೆ. ಇದರಲ್ಲಿ ಸೋಮಾರಿತನ ಬೇಡ: 0.1 ಮಿಲಿಮೀಟರ್ ದಪ್ಪದ ಬಣ್ಣ ಎಂದರೆ 1/72ರ ಲೆಕ್ಕದಲ್ಲಿ ನಿಜವಾದ ವಿಮಾನದ ಮೇಲೆ 7.2 ಮಿಲಿಮೀಟರಿನ ಮೆಟ್ಟಿಲು.

ಎರಡು ಕಡೆಯಾದರೂ ಎದ್ದು ಬಂದರೆ ಪೂರ್ತಿ ತೆಗೆಯುವುದೇ ಸರಿ, ಇಲ್ಲದಿದ್ದರೆ ಒಂದೊಂದು ಟೇಪಿಗೂ ಒಂದೊಂದು ರಿಪೇರಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ಒರೆಸುತ್ತಾ ಹೋದರೆ ಎರಡೂ ಪದರ ಬಿಟ್ಟುಕೊಡುತ್ತವೆ. ಕ್ಯಾನೊಪಿಗೆ (ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ) ಮಾತ್ರ ಅದನ್ನು ತಾಗಿಸಬೇಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಶ್, ಉಗುರುಬೆಚ್ಚಗಿನ ನೀರು. ತೊಳೆದ ಮೇಲೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಪ್ರೈಮರಿಗೆ ಮಿಸ್ಟರ್ ಸರ್ಫೇಸರ್ 1500ರ ಬಿಳಿ ಬಣ್ಣದ್ದು ಹಾಕಿ. ಕೆಂಪು ಪಾರದರ್ಶಕ ಸ್ವಭಾವದ ಬಣ್ಣ, ಕೆಳಗೆ ಬೂದು ಇದ್ದರೆ ಇಟ್ಟಿಗೆಯ ಕಡೆಗೆ ತಿರುಗುತ್ತದೆ, ಬಿಳಿ ಇದ್ದರೆ ಉರಿಯುತ್ತದೆ. ಬಿಳಿ ಮೊದಲು, ಕೆಂಪು ಆಮೇಲೆ ಎಂಬ ನಿಮ್ಮ ಕ್ರಮ ಸರಿಯಾಗಿದೆ. ಕೆಂಪಿನ ಮೇಲೆ ಬಿಳಿ ಹೊಡೆದರೆ ಎಷ್ಟು ಪದರ ಹಾಕಿದರೂ ಗುಲಾಬಿ ಇಣುಕುತ್ತದೆ.

ಟೇಪನ್ನು ಮೊದಲು ಗಾಜಿನ ಮೇಲೆ ಎರಡು ಸಲ ಅಂಟಿಸಿ ಕಿತ್ತು ಅಂಟು ಕಡಿಮೆ ಮಾಡಿ. ಕೈಗೆ ಅಂಟಿಸಿದರೆ ಜಿಡ್ಡು ಹತ್ತುತ್ತದೆ. ಮಾಡೆಲಿಗೆ ಅಂಟಿಸಿದ ಮೇಲೆ ಅಂಚಿನ ಉದ್ದಕ್ಕೂ ಮತ್ತೆ ಬಿಳಿಯನ್ನೇ ತೆಳ್ಳಗೆ ಹೊಡೆಯಿರಿ. ಟೇಪ್ ಅಡಿ ಸಂದು ಇದ್ದರೆ ಬಿಳಿಯೇ ನುಗ್ಗಿ ಮುಚ್ಚಿಕೊಳ್ಳುತ್ತದೆ, ಕೆಂಪಿಗೆ ದಾರಿ ಉಳಿಯುವುದಿಲ್ಲ. ನಂತರ ಕೆಂಪು, 15 ಪಿಎಸ್‌ಐನಲ್ಲಿ, ತೆಳು ಪದರಗಳಲ್ಲಿ. ಕೊನೆಯ ಪದರ ಕೈಗೆ ಅಂಟದಷ್ಟಾದ ಕೂಡಲೇ ಟೇಪನ್ನು ಅದರ ಬೆನ್ನಿನ ಮೇಲೆಯೇ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ಮೇಲಕ್ಕೆ ಎತ್ತಬೇಡಿ.

ಬೀದರ್_ಕೋಟೆ

ಬಣ್ಣದ ಬಗ್ಗೆ ನಂದೊಂದು ಮಾತು ಅದ. ಫೋಟೊ ನೋಡಿ ಮಾಡಾಕತ್ತಿದ್ರ ಯಾವ ಕಾಲದ ಫೋಟೊ ಅಂತ ಮೊದಲ ನೋಡ್ಕೊಳ್ರಿ. ತಂಡ 1996ರಾಗ ನಮ್ಮ ಬೀದರ್‌ದಾಗೇ ಶುರು ಆಗಿದ್ದು, ಆಗ ಎಚ್‌ಎಎಲ್ ಕಿರಣ್ ಮಾರ್ಕ್ 2 ವಿಮಾನ ಇದ್ದವು. 2011ರ ಏರೋ ಇಂಡಿಯಾ ಆದಮ್ಯಾಲ ಅವು ನಿಂತು, 2015ಕ್ಕ ಹಾಕ್ ಬಂದ್ವು. ಕಿರಣ್ ಫೋಟೊದಾಗಿನ ಬಣ್ಣ ಕೇಸರಿ ಕಡಿ ಹೋಗ್ತದ, ಹಾಕ್ ಮ್ಯಾಲಿಂದು ಕೆಂಪು. ಎರಡೂ ಕಲಸಿದ್ರ ಯಾವ ವಿಮಾನನೂ ಆಗಂಗಿಲ್ಲ.

ಇನ್ನ ನೆತ್ತಿ ಮ್ಯಾಲ ಅವು ತಿರುಗೋವಾಗ ಬಿಸಿಲು ಬಿದ್ರ ಫಳ್ ಅಂತ ಹೊಳೀತಾವ. ಹಂಗಾಗಿ ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ ಪಾರದರ್ಶಕ ಲೇಪ) ಹಚ್ಚಬ್ಯಾಡ್ರಿ, ಹೊಳಪಿನ ಗ್ಲಾಸ್ ಕ್ಲಿಯರೇ ಇರಲಿ. ಯುದ್ಧವಿಮಾನಕ್ಕ ಮಾಡಿದಂಗ ಹೊಗೆ, ಮಸಿ, ಎಣ್ಣಿ ಕಲೆ ಹಾಕೂದೂ ಬ್ಯಾಡ. ಈ ವಿಮಾನಗಳನ್ನ ಅಲ್ಲಿನ ಮಂದಿ ಒರೆಸಿ ಒರೆಸಿ ಇಡ್ತಾರ.

ಲೋಹದ_ಹಕ್ಕಿ

ಮೇಲೆ ಲ್ಯಾಕರ್ ಪ್ರೈಮರ್ ಸಲಹೆ ಬಂದಿದೆ, ಒಪ್ಪುತ್ತೇನೆ. ಆದರೆ ಮಳೆ ಎಂದು ಕಿಟಕಿ ಮುಚ್ಚಿಕೊಂಡು ಲ್ಯಾಕರ್ ಹೊಡೆಯಬೇಡಿ. ಧೂಳಿನ ಮಾಸ್ಕ್ ಈ ಆವಿಗೆ ಏನೇನೂ ಸಾಲದು, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಒಣಗಿಸಲು ಡಬ್ಬಿಯೊಳಗೆ ಬಲ್ಬ್ ಹಾಕುವ ಉಪಾಯವನ್ನು ತುಂಬಾ ಜನ ಹೇಳುತ್ತಾರೆ. ಆಗತಾನೆ ಲ್ಯಾಕರ್ ಹೊಡೆದ ಮಾಡೆಲನ್ನು ಅದರಲ್ಲಿ ಇಡಲೇಬೇಡಿ, ಆ ಆವಿಗೆ ಬೆಂಕಿ ಹತ್ತುತ್ತದೆ. ಮುಚ್ಚಳ ಭದ್ರ ಇರುವ ಡಬ್ಬಿ, ಒಳಗೆ ಒಂದಿಷ್ಟು ಸಿಲಿಕಾ ಜೆಲ್, ಹತ್ತು ರೂಪಾಯಿ ಹೆಚ್ಚಾದರೂ ಅದೇ ಮೇಲು.

ಕಿಟಕಿ ತೆರೆದರೆ ತೇವ ಬರುತ್ತದೆ, ನಿಜ. ಥಿನ್ನರ್ ಬೇಗ ಆರಿದರೆ ಬಣ್ಣದ ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂರುತ್ತದೆ, ಮೇಲೆ ಹಾಲುಬಿಳಿ ಮಂಜು ಕಟ್ಟುತ್ತದೆ. ಲೆವೆಲಿಂಗ್ ಥಿನ್ನರ್ ನಿಧಾನ ಆರುವಂಥದ್ದು, ಮಳೆಗಾಲಕ್ಕೆ ಅದೇ ವಾಸಿ. ಮಧ್ಯಾಹ್ನ ಮಳೆ ಹೊಳವಾದಾಗ ಕ್ಲಿಯರ್ ಕೋಟ್ ಮುಗಿಸಿಕೊಳ್ಳಿ.

ಮೂಗಿನೊಳಗೆ ತೂಕ ಹಾಕಿದ್ದೀರಾ? ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂರಬಹುದು. ಕ್ಯಾನೊಪಿ ಅಂಟಿಸಿಲ್ಲವಾದರೆ ಸೀಟಿನ ಹಿಂದೆ ಮುಂದೆ ಜಾಗ ನೋಡಿ ಗಾಳಕ್ಕೆ ಕಟ್ಟುವ ಸೀಸದ ಗುಂಡು ಸೇರಿಸಿ.

ಪಡುಬಿದ್ರಿ_ಹವ್ಯಾಸಿ

ತೂಕ ಮೊದಲೇ ಹಾಕಿದೆ, ನಮ್ಮ ಕಡೆ ಗಾಳದ ಸೀಸಕ್ಕೆ ಬರ ಇಲ್ಲ.

ಟೇಪ್ ಪರೀಕ್ಷೆಯಲ್ಲಿ ಮೂಗಿನ ಕೆಳಗೂ ಬಾಲದ ಹತ್ತಿರವೂ ಬಣ್ಣ ಎದ್ದಿತು, ಹಾಗಾಗಿ ಪೂರ್ತಿ ತೆಗೆದೆ. ಈಗ ಬಿಳಿ ಸರ್ಫೇಸರ್, ಬಿಳಿ, ಕೆಂಪು ಮೂರೂ ಆಗಿವೆ. ಎರಡನೇ ಟ್ರ್ಯಾಪಿನ ಗಾಜಿನೊಳಗೆ ಕೆಲಸದ ಮಧ್ಯದಲ್ಲೇ ಹನಿ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು, ಏರ್‌ಬ್ರಶ್ ಒಮ್ಮೆಯೂ ಉಗುಳಲಿಲ್ಲ. ಟೇಪ್ ಎಳೆದಾಗ ರೆಕ್ಕೆಯ ಅಂಚು ಗೆರೆ ಹೊಡೆದ ಹಾಗೆ ಬಂತು. ಬಾಲದ ಬುಡದಲ್ಲಿ ಮಾತ್ರ ಕೆಂಪು ಒಂದು ಎಳೆ ಒಳಗೆ ಹೋಗಿದೆ. ಅದನ್ನು ಏನು ಮಾಡಲಿ? ಇನ್ನೊಂದು, ಬಿಳಿ ಡೆಕಾಲನ್ನು (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚು ಚಿತ್ರ) ಕೆಂಪಿನ ಮೇಲೆ ಇಟ್ಟು ನೋಡಿದರೆ ಗುಲಾಬಿ ಕಾಣುತ್ತದೆ.

ಯಲಹಂಕ_ರನ್‌ವೇ

ಬಾಲದ ಬುಡದ ಎಳೆಗೆ ಏರ್‌ಬ್ರಶ್ ಬೇಡ. ಬಣ್ಣ ಪೂರ್ತಿ ಗಟ್ಟಿಯಾಗಲಿ, ಆಮೇಲೆ ಹಲ್ಲುಕಡ್ಡಿಯ ತುದಿ ಚಪ್ಪಟೆ ಮಾಡಿ ಐಸೊಪ್ರೊಪೈಲಿನಲ್ಲಿ ಅದ್ದಿ, ಒರೆಸಿ, ಬರೀ ತೇವ ಉಳಿದಾಗ ಗೆರೆಯ ಗುಂಟ ಉಜ್ಜಿ. ಬಿಳಿಯೂ ಅದೇ ಜಾತಿಯ ಬಣ್ಣ, ಹಾಗಾಗಿ ಎರಡು ಸಲಕ್ಕಿಂತ ಹೆಚ್ಚು ಉಜ್ಜಬೇಡಿ. ಉಳಿದದ್ದನ್ನು 000 ಬ್ರಶ್‌ನಲ್ಲಿ ಬಿಳಿ ತಾಗಿಸಿ ಮುಚ್ಚಿ.

ಡೆಕಾಲಿನ ಬಿಳಿ ಶಾಯಿ ತೆಳು, ಅದಕ್ಕೇ ಅಡಿಯ ಕೆಂಪು ಕಾಣುತ್ತದೆ. ಅಚ್ಚು ಹಾಕದ ಬಿಳಿ ಡೆಕಾಲ್ ಹಾಳೆ ಸಿಗುತ್ತದೆ. ನಿಮ್ಮ ಡೆಕಾಲಿನ ಆಕಾರಕ್ಕಿಂತ ಅರ್ಧ ಮಿಲಿಮೀಟರ್ ಒಳಗೆ ಬರುವ ಹಾಗೆ ಕತ್ತರಿಸಿ ಮೊದಲು ಅದನ್ನು ಕೂರಿಸಿ, ಒಂದು ರಾತ್ರಿ ಒಣಗಿದ ಮೇಲೆ ಅದರ ಮೇಲೆ ಕಿಟ್‌ನದು. ಇದಕ್ಕೂ ಮೊದಲು ಎಕ್ಸ್-22 ಕ್ಲಿಯರ್ ಆಗಿರಬೇಕು, ಮೈ ನುಣುಪಿಲ್ಲದಿದ್ದರೆ ಡೆಕಾಲ್ ಅಡಿ ಗಾಳಿ ಸಿಕ್ಕಿಕೊಂಡು ಬೆಳ್ಳಿ ಹೊಳಪು ಬರುತ್ತದೆ. ಕ್ಲಿಯರಿನ ಮೊದಲ ಪದರ ದೂರದಿಂದ ಹನಿಹನಿಯಾಗಿ ಇರಲಿ. ಒಂದೇ ಸಲ ಒದ್ದೆಯಾಗಿ ಹೊಡೆದರೆ ಕೆಂಪು ಕರಗಿ ಬಿಳಿಯ ಕಡೆ ಹರಿಯುತ್ತದೆ.